ಲಾಕ್‌ಡೌನ್‌ನಲ್ಲಿ ನಾಯಿಯ ಜೊತೆ ವಸಂತ: ಒಂದು ಬೀದಿ, ಒಂದು ಮಹಡಿ ಸಾಕು

2020ರಲ್ಲಿ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ. ದೇಶದಲ್ಲಿ ಮೊದಲ ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಬೆಂಗಳೂರಿನ ಪಾರ್ಕುಗಳಿಗೆ ಬೀಗ ಬಿತ್ತು. ದಿನಾ ಬೆಳಿಗ್ಗೆ ಕೆರೆ ಏರಿ ಸುತ್ತಿಬಂದು ಅಭ್ಯಾಸವಾಗಿದ್ದ ನಾಯಿಗಳು ಗೇಟಿನ ಹತ್ತಿರ ಬಂದು ಕೂತವು. ಮನೆ ಮುಂದಿನ ನೂರು ಅಡಿ ರಸ್ತೆಯಲ್ಲಿ ಇವನ್ನು ಖುಷಿಯಾಗಿ ಇಡುವುದು ಹೇಗೆ ಅನ್ನುವುದು ಆಗ ಎಲ್ಲರ ಪ್ರಶ್ನೆಯಾಗಿತ್ತು. 2021ರ ಏಪ್ರಿಲ್ ಕೊನೆಯಲ್ಲಿ ಕರ್ನಾಟಕಕ್ಕೆ ಮತ್ತೆ ಬೀಗ ಬಿದ್ದಾಗಲೂ ಅದೇ ಪ್ರಶ್ನೆ.

ನನ್ನ ಉತ್ತರ ಇಷ್ಟೇ. ದೂರ ನಡೆಯಬೇಕು ಅನ್ನುವುದು ಹೆಚ್ಚಾಗಿ ನಮ್ಮ ಹಟ, ನಮ್ಮ ಫೋನಿನ ಸ್ಟೆಪ್ ಲೆಕ್ಕ. ನಾಯಿಗೆ ಬೇಕಾದದ್ದು ಮೂಗಿಗೆ ಕೆಲಸ. ವಸಂತದಲ್ಲಿ ಆ ಕೆಲಸ ಮನೆ ಬಾಗಿಲಿಗೇ ಬಂದು ಬೀಳುತ್ತದೆ. ಅದನ್ನು ಹೇಗೆ ಬಳಸಿಕೊಳ್ಳಬೇಕು ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ಲಾಕ್‌ಡೌನ್ ಇಲ್ಲದಿದ್ದರೂ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ದೂರ ಹೋಗುವಂತಿಲ್ಲ ಅನ್ನುವಾಗ ಇದೇ ಉಪಯೋಗಕ್ಕೆ ಬರುತ್ತದೆ. ನಾನಿರುವುದು ಬೆಂಗಳೂರಿನಲ್ಲಿ, ಹಾಗಾಗಿ ಇಲ್ಲಿನ ಮರ, ಇಲ್ಲಿನ ಬಿಸಿಲು. ಕಲಬುರಗಿ, ರಾಯಚೂರಿನವರು ಬೆಳಗಿನ ಹೊತ್ತನ್ನು ಇನ್ನೂ ಬೇಗ ಮಾಡಿಕೊಳ್ಳಿ, ಸಂಜೆಯದನ್ನು ಇನ್ನೂ ತಡ ಮಾಡಿ.

ಮೊದಲು ನಿಯಮ ಕೇಳಿಕೊಳ್ಳಿ

ಲಾಕ್‌ಡೌನ್ ಎಲ್ಲ ಕಡೆ ಒಂದೇ ಥರ ಇರಲಿಲ್ಲ. 2020ರ ವಸಂತದಲ್ಲಿ ಸ್ಪೇನ್‌ನಲ್ಲಿ ವ್ಯಾಯಾಮಕ್ಕೆ ಅಂತ ಹೊರಗೆ ಹೋಗುವಂತಿರಲಿಲ್ಲ, ನಾಯಿ ಓಡಾಡಿಸಲು ಹೋಗಬಹುದಿತ್ತು. ಅಲ್ಲಿನ ನಾಯಿಗಳಿಗೆ ಆಗ ಬಂದ ಮರ್ಯಾದೆ ಕೇಳಬೇಕೇ! ನಮ್ಮಲ್ಲಿ ಪಶು ಆಸ್ಪತ್ರೆಗಳಿಗೆ ಕೇಂದ್ರದ ಆದೇಶದಲ್ಲೇ ವಿನಾಯಿತಿ ಇತ್ತು. ಬೀದಿಯಲ್ಲಿ ಓಡಾಡುವ ವಿಷಯ ಮಾತ್ರ ಏರಿಯಾದಿಂದ ಏರಿಯಾಕ್ಕೆ ಬೇರೆ. ಅದಕ್ಕೇ ಮೊದಲು ನಿಮ್ಮ ಊರಿನ ಆದೇಶ ಓದಿ, ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ನವರನ್ನು ಕೇಳಿ. ಮನೆ ಕಂಟೈನ್‌ಮೆಂಟ್ ಜೋನ್‌ನಲ್ಲಿದ್ದರೆ ಬೀದಿಯ ಆಸೆ ಬಿಟ್ಟು ಮಹಡಿಯ ಭಾಗಕ್ಕೆ ಹೋಗಿ.

ಬಿಡುತ್ತಾರೆ ಅಂತಾದರೆ ಒಂದು ನಾಯಿಗೆ ಒಬ್ಬರೇ ಸಾಕು. ಮಾಸ್ಕ್ ಇರಲಿ. ಮನೆಯಲ್ಲಿ ಯಾರಿಗಾದರೂ ಸೋಂಕಿದ್ದರೆ ನಾಯಿಯ ಕೆಲಸ ಬೇರೆಯವರು ನೋಡಿಕೊಳ್ಳಲಿ. "ನಾಯಿಯಿಂದ ಬರುತ್ತಂತೆ" ಅಂತ ದೂರದಿಂದಲೇ ಕೂಗುವವರು ಸಿಗುತ್ತಾರೆ. 2020ರ ಆರಂಭದಲ್ಲಿ ಹಾಂಗ್‌ಕಾಂಗ್‌ನ ಒಂದು ಪೊಮೆರೇನಿಯನ್ ನಾಯಿಯಲ್ಲಿ ವೈರಸ್ ಸಿಕ್ಕಿತ್ತು, ಸುದ್ದಿ ಹಬ್ಬಿದ್ದು ಅಲ್ಲಿಂದ. ಆ ನಾಯಿಗೆ ಬಂದದ್ದು ಮನುಷ್ಯರಿಂದ. ಜಗಳಕ್ಕೆ ನಿಲ್ಲಬೇಡಿ, ಇಷ್ಟು ಹೇಳಿ ರಸ್ತೆಯ ಆ ಬದಿಗೆ ದಾಟಿಬಿಡಿ.

ಹೊತ್ತು ನೋಡಿ ಹೊರಡಿ

ನಮ್ಮ ವಸಂತ ಅಂದರೆ ಅರ್ಧ ಬೇಸಿಗೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನ 34 ಡಿಗ್ರಿ ಆಸುಪಾಸು ಇರುತ್ತದೆ. 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತು. ಡಾಂಬರು ಇದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ, ನಾಯಿ ಬರಿಗಾಲಲ್ಲಿ ನಡೆಯುತ್ತದೆ. ಹೊರಡುವ ಮುಂಚೆ ಕೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡ್ ಇಡಿ. ತಡೆಯಲಾಗದೆ ಕೈ ತೆಗೆದರೆ ವಾಪಸ್ ಒಳಗೆ. ಬೆಳಿಗ್ಗೆ ಆರರಿಂದ ಏಳೂವರೆ ಒಳ್ಳೆಯ ಹೊತ್ತು. ಸಂಜೆ ಸೂರ್ಯ ಮುಳುಗಿದ ಮೇಲೂ ರಸ್ತೆ ಸ್ವಲ್ಪ ಹೊತ್ತು ಬಿಸಿ ಉಗುಳುತ್ತಲೇ ಇರುತ್ತದೆ, ಅವಸರ ಬೇಡ.

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಪಗ್, ಶಿಟ್ಸು ಥರ ಮೂಗು ಚಪ್ಪಟೆ ಇರುವವಕ್ಕೆ ಇದೂ ಕಷ್ಟ. ನಾಲಗೆ ಕಡುಗೆಂಪಾಗಿ ಜೋತುಬಿದ್ದು, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ನೆರಳಿಗೆ ಎತ್ತಿಕೊಂಡು ಹೋಗಿ. ಹೊಟ್ಟೆ, ಕಾಲುಗಳಿಗೆ ತಣ್ಣೀರು ಸುರಿಯಿರಿ, ಫ್ಯಾನ್ ಹಾಕಿ, ಡಾಕ್ಟರಿಗೆ ಫೋನ್ ಮಾಡಿ. ಇನ್ನೊಂದು ಮಾತು: ಆರೋಗ್ಯವಾಗಿರುವ ನಾಯಿಯ ಮೈಬಿಸಿಯೇ 101ರಿಂದ 102.5 ಫ್ಯಾರನ್‌ಹೀಟ್. ಸುಮ್ನೆ ಹೊಟ್ಟೆ ಮುಟ್ಟಿ ನೋಡಿ ಜ್ವರ ಅಂತ ಗಾಬರಿಯಾಗಬೇಡಿ.

ಮೂಗು ಹೇಳಿದ ದಾರಿ

ಇದೇ ಇಡೀ ಮಾರ್ಗದರ್ಶಿಯ ಮುಖ್ಯ ಭಾಗ. ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿ.

ಕುತ್ತಿಗೆ ಬೆಲ್ಟಿನ ಬದಲು ಎದೆಗೆ ಹಾಕುವ ಹಾರ್ನೆಸ್ ಹಾಕಿ. ಲೀಶ್ ಎರಡು ಮೂರು ಮೀಟರ್ ಉದ್ದ ಇರಲಿ. ಗೇಟು ತೆಗೆದು ಹೊರಗೆ ಬಂದು ಸುಮ್ಮನೆ ನಿಂತುಬಿಡಿ. ಎಡವೋ ಬಲವೋ, ನಾಯಿಯೇ ತೀರ್ಮಾನ ಮಾಡಲಿ. ಅದು ತಲೆ ಬಗ್ಗಿಸಿ ಏನನ್ನೋ ಮೂಸಲು ಶುರು ಮಾಡಿದರೆ ನೀವು ಅಲ್ಲೇ ನಿಲ್ಲಿ, ಲೀಶ್ ಸಡಿಲ ಬಿಡಿ. ಎಳೆಯಬೇಡಿ. "ಬಾ ಬಾ" ಅನ್ನಬೇಡಿ. ಫೋನ್ ಜೇಬಿನಲ್ಲಿರಲಿ. ತಾನಾಗಿ ತಲೆ ಎತ್ತಿದಾಗ ಮುಂದಿನ ಹೆಜ್ಜೆ. ಅರ್ಧ ಗಂಟೆಯಲ್ಲಿ ನಾಲ್ಕು ಮನೆ ದಾಟಿದರೆ ಹೆಚ್ಚು. ಆದರೂ ಮನೆಗೆ ಬಂದು ನೀರು ಕುಡಿದು, ಚೆನ್ನಾಗಿ ದಣಿದ ನಾಯಿಯ ಹಾಗೆ ಕಾಲು ಚಾಚಿ ಮಲಗುತ್ತದೆ.

ಯಾಕೆ ಅಂದರೆ ಅದು ನಿಜವಾಗಲೂ ದುಡಿದಿರುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಐವತ್ತು ಅರವತ್ತು ಲಕ್ಷ. ನಾಯಿಯಲ್ಲಿ, ತಳಿಯ ಮೇಲೆ, ಮೂವತ್ತು ಕೋಟಿವರೆಗೂ ಇರುತ್ತವೆ. ಮೂಸುವಾಗ ಸೆಕೆಂಡಿಗೆ ಐದಾರು ಸಲ ಉಸಿರು ಎಳೆಯುತ್ತದೆ. ಬಿಡುವ ಉಸಿರು ಮೂಗಿನ ಪಕ್ಕದ ಸೀಳಿನಿಂದ ಹೋಗುತ್ತದೆ, ಎದುರಿನ ವಾಸನೆ ಕೆಡುವುದಿಲ್ಲ.

ನಮ್ಮ ಬೀದಿಯಲ್ಲಿ ಸಾಲಾಗಿ ಹೊಂಗೆ ಮರಗಳಿವೆ. ಏಪ್ರಿಲ್‌ನಲ್ಲಿ ರಾತ್ರಿಯೆಲ್ಲ ಹೂ ಉದುರುತ್ತದೆ, ಬೆಳಿಗ್ಗೆ ಮೋರಿ ಅಂಚಿಗೆ ಬಿಳಿ-ನೇರಳೆ ಗುಪ್ಪೆ. ನಮ್ಮ ಗುಂಡ ಆ ಗುಪ್ಪೆಯೊಳಗೆ ಮುಖ ತೂರಿಸಿ ಮೊದಲು ಒಮ್ಮೆ ಜೋರಾಗಿ ಊದುತ್ತಾನೆ. ಹೂ ಚೆದುರುತ್ತದೆ. ಕೆಳಗಿನ ಒದ್ದೆ ಮಣ್ಣು ಕಾಣುತ್ತದೆ, ಒಂದೆರಡು ಇರುವೆ ಓಡುತ್ತವೆ. ಆಮೇಲೆ ಸಣ್ಣ ಸಣ್ಣ ಉಸಿರು, ಸೊಯ್ ಸೊಯ್ ಸೊಯ್, ಕಿವಿ ಹಿಂದಕ್ಕೆ, ಬಾಲ ಅಲುಗುವುದಿಲ್ಲ. ರಾತ್ರಿ ಅಲ್ಲಿ ಯಾವ ಬೆಕ್ಕು ಹಾದುಹೋಯಿತೋ, ಯಾವ ಹೆಗ್ಗಣವೋ. ತಲೆ ಎತ್ತಿದಾಗ ಮೂಗಿನ ತುದಿಯಲ್ಲಿ ಒಂದು ಹೂ ಅಂಟಿಕೊಂಡಿರುತ್ತದೆ. ಅದು ಅವನಿಗೆ ಗೊತ್ತೇ ಆಗುವುದಿಲ್ಲ.

ಇಷ್ಟು ಹೊತ್ತು ನಿಂತ ಮೇಲೆ ನಿಮ್ಮ ಕಣ್ಣೂ ತಾನಾಗಿ ಮೇಲಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದರದು ಶುರುವಾಗುವುದು ಪೂರ್ತಿ ಆಕಸ್ಮಿಕವಲ್ಲ. ಜರ್ಮನಿ ಮೂಲದವರಾಗಿ 1908ರಲ್ಲಿ ಲಾಲ್‌ಬಾಗ್ ಸೇರಿದ ತೋಟಗಾರಿಕೆ ತಜ್ಞ ಕ್ರುಂಬೀಗಲ್, ವರ್ಷವಿಡೀ ಸರದಿಯಂತೆ ಹೂ ಇರಬೇಕು ಅಂತ ಲೆಕ್ಕ ಹಾಕಿ ರಸ್ತೆಗಳಿಗೆ ಮರ ಆರಿಸಿದವರು. ಗುಲಾಬಿ ಬಣ್ಣದ ಟಬೇಬುಯಾ ಮಾರ್ಚ್ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಜಕರಾಂಡದ ನೀಲಿ, ಬೇವಿನ ಸಣ್ಣ ಹೂ, ಹೊಂಗೆ, ಕಾಪರ್‌ಪಾಡ್‌ನ ಹಳದಿ, ಕಕ್ಕೆಯ ಗೊಂಚಲು, ಮೇನಲ್ಲಿ ಗುಲ್‌ಮೊಹರ್. ನಿಮ್ಮ ಬೀದಿಯಲ್ಲಿ ಇವುಗಳಲ್ಲಿ ಎರಡಾದರೂ ಇರುತ್ತವೆ, ನೋಡಿ.

ನಾಯಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಹಳದಿ, ನೀಲಿ ಕಾಣುತ್ತವೆ. ನೀವು ಮೆಚ್ಚಿ ಫೋಟೋ ತೆಗೆಯುವ ಗುಲ್‌ಮೊಹರ್ ಅದರ ಪಾಲಿಗೆ ಮಂಕು ಕಂದು. ಕಾಪರ್‌ಪಾಡ್ ಉದುರಿ ರಸ್ತೆಯೆಲ್ಲ ಹಳದಿಯಾದಾಗ ಮಾತ್ರ ಇಬ್ಬರೂ ಹೆಚ್ಚುಕಡಿಮೆ ಒಂದೇ ಬಣ್ಣ ನೋಡುತ್ತೀರಿ.

ಮನೆಯಲ್ಲಿ ಮಕ್ಕಳಿದ್ದರೆ ಒಂದು ಆಟ. ಕೆಳಗೆ ಬಿದ್ದ ಹೂವನ್ನು ದಿನಕ್ಕೆ ಮೂರು ಬಗೆ ಆರಿಸಿ ತಂದು, ವರಾಂಡದಲ್ಲಿ ಒಂದೊಂದು ಮೊಳ ಬಿಟ್ಟು ಇಡಲಿ. ನಾಯಿ ಯಾವುದರ ಹತ್ತಿರ ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ ಪುಸ್ತಕದಲ್ಲಿ ಬರೆದಿಡಲಿ. ಆನ್‌ಲೈನ್ ಕ್ಲಾಸಿಗಿಂತ ಇದರಲ್ಲಿ ಗಮನ ಇರುತ್ತದೆ, ಅದಂತೂ ಖಂಡಿತ. ಆದರೆ ಕಣಗಿಲೆ ಮುಟ್ಟಬೇಡಿ. ಕಾಂಪೌಂಡಿನ ಪಕ್ಕ, ರಸ್ತೆಯ ಡಿವೈಡರ್ ಮೇಲೆ ಎಲ್ಲೆಲ್ಲೂ ಇರುವ ಗಿಡ ಅದು. ಹೂ, ಎಲೆ, ಕಡ್ಡಿ ಎಲ್ಲವೂ ವಿಷ, ಹೃದಯಕ್ಕೆ ಪೆಟ್ಟು. ದತ್ತೂರ, ಹರಳು ಬೀಜ, ಗುಲಗಂಜಿ ಕೂಡ ದೂರ ಇರಲಿ. ನಾಯಿ ಮೂಸುವುದಕ್ಕೆ ಎಷ್ಟು ಬೇಕಾದರೂ ಬಿಡಿ, ಅಗಿಯುವುದಕ್ಕೆ ಬಿಡಬೇಡಿ.

ಬೀದಿಯ ನಾಯಿಗಳ ಮಾತೂ ಇಲ್ಲೇ ಹೇಳಬೇಕು. ದರ್ಶಿನಿ, ಮಾಂಸದಂಗಡಿ, ಗಾಡಿ ಹೋಟೆಲು ಮುಚ್ಚಿದಾಗ ಅವುಗಳ ಊಟವೂ ನಿಂತಿತು. ಅವಕ್ಕೆ ಊಟ ಹಾಕುವವರನ್ನು ತಡೆಯಬೇಡಿ ಅಂತ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಹೇಳಬೇಕಾಯಿತು. ನೀವೂ ಹಾಕುವುದಾದರೆ ಅನ್ನ-ಮೊಟ್ಟೆ ಅಥವಾ ಮುದ್ದೆಯನ್ನು ನಿಮ್ಮ ನಾಯಿಯನ್ನು ಒಳಗೆ ಬಿಟ್ಟುಬಂದು ಹಾಕಿ. ಹಸಿದ ಗುಂಪಿನ ನಡುವೆ ನಿಮ್ಮದನ್ನು ನಿಲ್ಲಿಸಿದರೆ ಕಚ್ಚಾಟ ಖಾತ್ರಿ. ದಿನಾ ಒಂದೇ ಜಾಗ, ಒಂದೇ ಹೊತ್ತು ಇಟ್ಟುಕೊಂಡರೆ ಅವೇ ಕಾದಿರುತ್ತವೆ, ನಿಮ್ಮ ವಾಕಿಂಗ್‌ಗೂ ತೊಂದರೆ ಕೊಡುವುದಿಲ್ಲ.

ವಾಪಸ್ ಬಂದ ಮೇಲೆ ಕಾಲು ತೊಳೆಯಿರಿ. 2020ರಲ್ಲಿ ರಸ್ತೆಗಳಿಗೆ ಬ್ಲೀಚ್ ದ್ರಾವಣ ಸಿಂಪಡಿಸುತ್ತಿದ್ದರು, ನಾಯಿ ಪಾದ ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ಬರೀ ನೀರು, ಬೇಕಾದರೆ ಸ್ವಲ್ಪ ನಾಯಿ ಶ್ಯಾಂಪೂ, ಆಮೇಲೆ ಬೆರಳ ಸಂದಿಯನ್ನು ಒಣಗಿಸಿ. ಸ್ಯಾನಿಟೈಸರ್ ಖಂಡಿತ ಬೇಡ. ಪಾದ ಉರಿಯುತ್ತದೆ, ಅದರ ಆಲ್ಕೋಹಾಲ್ ನೆಕ್ಕಿದರೆ ಇನ್ನೂ ಕೆಟ್ಟದ್ದು.

ಮಹಡಿ ಮೇಲೆ ಸಂಡಿಗೆ ಕಾವಲು

ಹೊರಗೆ ಹೋಗುವ ದಾರಿಯೇ ಇಲ್ಲದ ದಿನ ಮಹಡಿ ಇದೆ. ಈ ಕಾಲಕ್ಕೆ ಹೇಗೂ ಸಂಡಿಗೆ, ಹಪ್ಪಳ ಒಣಗುತ್ತಿರುತ್ತವೆ. ಹಳೇ ಪಂಚೆ ಹಾಸಿ, ಅಂಚಿಗೆ ಇಟ್ಟಿಗೆ ಚೂರು ಇಟ್ಟು, ಬೆಳಿಗ್ಗೆ ಎಂಟರೊಳಗೆ ಸಂಡಿಗೆ ಒತ್ತಿಬಿಡಿ. ನೀರಿನ ಟ್ಯಾಂಕಿನ ನೆರಳಿನಲ್ಲಿ ಒದ್ದೆ ಗೋಣಿಚೀಲ ಹಾಸಿ ನಾಯಿಯನ್ನು ಕೂರಿಸಿ, ಪಕ್ಕದಲ್ಲಿ ಬೋಗುಣಿ ನೀರು. ನೀವೂ ಕಾಫಿ ಹಿಡಿದು ಕೂತುಕೊಳ್ಳಿ. ಮೊದಲು ಪ್ಯಾರಪೆಟ್ ಮೇಲೆ ಒಂದು ಕಾಗೆ ಬರುತ್ತದೆ. ತಲೆ ಓರೆ ಮಾಡಿ ನೋಡುತ್ತದೆ. ಎರಡು ಹೆಜ್ಜೆ ಕುಪ್ಪಳಿಸಿ ಕೆಳಗಿಳಿಯುತ್ತದೆ. ಅಲ್ಲಿಯವರೆಗೆ ಕಣ್ಣು ಮುಚ್ಚಿದ್ದ ನಾಯಿಯ ಒಂದು ಕಿವಿ ಮಾತ್ರ ಏಳುತ್ತದೆ. ಆಮೇಲಿನದು ನಿಮಗೆ ಗೊತ್ತೇ ಇದೆ. ಕಾಗೆಗೂ ಇದು ಆಟವೇ, ಐದು ನಿಮಿಷ ಬಿಟ್ಟು ಮತ್ತೆ ಬರುತ್ತದೆ.

ಕೋಗಿಲೆ ಕೂಗುವುದು ಕೇಳಿಸಿದರೆ ಕಾಗೆಯ ಕಡೆ ನೋಡಿ. ಕೋಗಿಲೆ ಮೊಟ್ಟೆ ಇಡುವುದು ಕಾಗೆ ಗೂಡಿನಲ್ಲಿ, ಹಾಗಾಗಿ ಈ ಕಾಲದಲ್ಲಿ ಎರಡಕ್ಕೂ ಜಗಳ ನಡೆದೇ ಇರುತ್ತದೆ. ಕುಹೂ ಅನ್ನುವುದು ಗಂಡು. ಬೆಳಗಿನಿಂದ ಬಿಡುವಿಲ್ಲದೆ ಕುಟ್ರೂ ಕುಟ್ರೂ ಅಂತ ಕೇಳಿಸಿದರೆ ಅದು ಕುಟ್ರು ಹಕ್ಕಿ, ಹಸಿರು ಬಣ್ಣ, ಎಲೆಯ ನಡುವೆ ಹುಡುಕುವುದೇ ಕಷ್ಟ. 2020ರಲ್ಲಿ ವಾಹನದ ಸದ್ದು ನಿಂತಾಗ ಇವೆಲ್ಲ ಎಷ್ಟು ಸ್ಪಷ್ಟವಾಗಿ ಕೇಳಿದವು ಅಂತ ಬೆಂಗಳೂರಿನವರಿಗೆ ನೆನಪಿರಬೇಕು, ಅಲ್ವಾ?

ಮಹಡಿಯಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಬೇಡಿ. ಪ್ಯಾರಪೆಟ್ ಗಿಡ್ಡ ಇದ್ದರೆ ಕಾಗೆ ಓಡಿಸುವ ಆಟವೇ ಬೇಡ. ಅಂಚಿನ ಹತ್ತಿರ ಕಟ್ಟಿಹಾಕುವುದೂ ಅಪಾಯ, ಹಾರಿದರೆ ನೇತಾಡುತ್ತದೆ. ಬಾಳಕದ ಮೆಣಸಿನಕಾಯಿ ಇನ್ನೊಂದು ಮೂಲೆಗೆ. ಹತ್ತು ಗಂಟೆಗೆ ನೆಲ ಸುಡಲು ಶುರುವಾಗುತ್ತದೆ, ಕಾವಲುಗಾರ ಕೆಳಗಿಳಿಯಲಿ. ಸಂಡಿಗೆಯನ್ನು ಬಿಸಿಲೇ ನೋಡಿಕೊಳ್ಳುತ್ತದೆ, ಕಾಗೆಗೆ ಒಂದು ಹಳೇ ಕೊಡೆ ಬಿಚ್ಚಿಡಿ.

ಮಹಡಿಯೂ ಇಲ್ಲ, ಬರೀ ಬಾಲ್ಕನಿ ಅನ್ನುವವರಿಗೆ ಎಲೆ ಡಬ್ಬ. ಕೊರಿಯರ್ ಬಂದ ರಟ್ಟಿನ ಡಬ್ಬದ ಪಿನ್ನು, ಟೇಪು ಕಿತ್ತುಹಾಕಿ. ಅದರಲ್ಲಿ ಒಣಗಿದ ಎಲೆ ತುಂಬಿ. ಹೊಂಗೆ, ಮಾವು, ಹಲಸು ಯಾವುದಾದರೂ ಸರಿ. ಚಪಾತಿ ಚೂರು ಏಳೆಂಟು ಒಳಗೆ ಬಚ್ಚಿಟ್ಟು ನಾಯಿಯ ಮುಂದೆ ಇಡಿ. ಎಲೆಯನ್ನೆಲ್ಲ ಬಾಲ್ಕನಿ ತುಂಬ ಹರಡುತ್ತದೆ, ಗುಡಿಸುವುದಕ್ಕೆ ತಯಾರಿರಿ.

ಹಣ್ಣಿನ ಪಾಲು

ಮಾವಿನ ಹಣ್ಣಿನ ತಿರುಳು ನಾಯಿಗೆ ಕೊಡಬಹುದು, ನಾಲ್ಕೈದು ತುಂಡು. ಸಿಪ್ಪೆ ಬೇಡ. ಓಟೆ ಅಂತೂ ಬೇಡವೇ ಬೇಡ. ನೆಕ್ಕಲಿ ಪಾಪ ಅಂತ ಕೊಟ್ಟರೆ ನುಂಗಿಬಿಡುತ್ತದೆ, ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಕಸದ ಬುಟ್ಟಿಗೆ ಹಾಕಿದ ಓಟೆಯನ್ನೂ ಹುಡುಕಿ ತೆಗೆಯುವ ನಾಯಿಗಳಿವೆ, ಮುಚ್ಚಳ ಗಟ್ಟಿಯಾಗಿರಲಿ. ಬೀಜ ತೆಗೆದ ಕಲ್ಲಂಗಡಿ, ಸೌತೆಕಾಯಿ, ಕರ್ಬೂಜ ಚೆನ್ನಾಗಿ ಆಗುತ್ತವೆ. ಸಪ್ಪೆ ಮೊಸರಿಗೆ ನೀರು ಬೆರೆಸಿ ಸಣ್ಣ ಬಟ್ಟಲಲ್ಲಿ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿ ಕೊಟ್ಟರೆ ಮಧ್ಯಾಹ್ನ ಇಪ್ಪತ್ತು ನಿಮಿಷ ನೆಮ್ಮದಿ, ನಿಮಗೂ.

ದ್ರಾಕ್ಷಿ ಮಾತ್ರ ಒಂದೂ ಬೇಡ. ಹಸಿಯೋ ಒಣದೋ, ಮೂತ್ರಪಿಂಡ ಕೆಡಿಸುತ್ತದೆ. ಹಬ್ಬದ ಪಾಯಸದಲ್ಲಿ ಒಣದ್ರಾಕ್ಷಿ ಇರುವುದು ನೆನಪಿರಲಿ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ಬೇಡದ ಪಟ್ಟಿಗೇ.

ಮೊದಲ ಮಳೆಗೆ ಕಾಯುವುದು

ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿ ಬೆಳೆ ಅಂತಾರೆ ರೈತರು. ನಗರದಲ್ಲಿ ಬೆಳೆ ಇಲ್ಲ, ವಾಸನೆ ಇದೆ. ಮಣ್ಣಿನ ಆ ಘಮ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಅನ್ನುವ ವಸ್ತುವಿನದು. ನಮ್ಮ ಮೂಗಿಗೇ ಇಷ್ಟು ಗಾಢವಾಗಿ ಬಡಿಯುವುದು ನಾಯಿಗೆ ಹೇಗಿರಬೇಡ! ಮಳೆ ನಿಂತು ಕಾಲು ಗಂಟೆಗೆ ಗೇಟಿನ ಹೊರಗೆ ಕರೆದುಕೊಂಡು ಹೋಗಿ ನಿಲ್ಲಿಸಿ. ಹಿಂದಿನ ದಿನ ಮೂಸಿ ಮುಗಿಸಿದ ಜಾಗವನ್ನೇ ಮತ್ತೆ ಮೊದಲಿನಿಂದ ಮೂಸುತ್ತದೆ.

ಗುಡುಗುವಾಗ ಮಾತ್ರ ಹೊರಗೆ ಬೇಡ. ಬೆಂಗಳೂರಿನ ಮುಂಗಾರುಪೂರ್ವ ಮಳೆಗೆ ಗಾಳಿ ಜೋರು, ಗುಲ್‌ಮೊಹರ್ ಕೊಂಬೆ ಬೇಗ ಮುರಿಯುತ್ತದೆ, ಕರೆಂಟ್ ತಂತಿ ಬಿದ್ದಿರಬಹುದು. ನಿಂತ ನೀರನ್ನು ದಾಟಿಸಬೇಡಿ. ಗುಡುಗಿಗೆ ಹೆದರುವ ನಾಯಿಯಾದರೆ ಮಂಚದ ಕೆಳಗೆ ಹಾಸಿಗೆ ಹಾಕಿ, ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿಡಿ. ಎಳೆದು ಹೊರಗೆ ತಂದು "ಏನಾಗಲ್ಲ ಬಾ" ಅನ್ನುವುದರಿಂದ ಹೆದರಿಕೆ ಹೆಚ್ಚಾಗುತ್ತದೆ.

ಮಳೆಯ ಸಂಜೆ ದೀಪಕ್ಕೆ ಮಳೆಹುಳ ಮುತ್ತುತ್ತವೆ. ನಾಯಿ ಅವನ್ನು ಹಾರಿ ಹಾರಿ ಹಿಡಿದು ತಿನ್ನುತ್ತದೆ, ನಾಲ್ಕಾರು ತಿಂದರೆ ಏನೂ ಆಗುವುದಿಲ್ಲ. ನೆಲಗಪ್ಪೆಗೆ ಬಾಯಿ ಹಾಕಿದರೆ ಬೇರೆ ಕತೆ. ಅದರ ಚರ್ಮದಲ್ಲಿ ವಿಷ ಇದೆ, ತಕ್ಷಣ ಬಾಯಲ್ಲಿ ನೊರೆ ಬರುತ್ತದೆ. ಒದ್ದೆ ಬಟ್ಟೆಯಿಂದ ಒಸಡು, ನಾಲಗೆ ಒರೆಸಿ. ತಲೆ ಕೆಳಗೆ ಮಾಡಿ ಹಿಡಿದು, ಗಂಟಲಿಗೆ ಇಳಿಯದ ಹಾಗೆ ನೀರು ಬಿಟ್ಟು ತೊಳೆಯಿರಿ. ನಡುಕ, ತೂರಾಟ ಕಂಡರೆ ಕಾಯಬೇಡಿ, ಆಸ್ಪತ್ರೆ.

ಉಣ್ಣೆ ಹುಳ ನೋಡುವ ಐದು ನಿಮಿಷ

ಸೆಖೆಗೆ ಇವು ಏರುತ್ತವೆ. ದಿನಾ ಸಂಜೆ ಬೆಳಕಿರುವಾಗಲೇ ನಾಯಿಯನ್ನು ಪಕ್ಕಕ್ಕೆ ಮಲಗಿಸಿ ಕೈಯಾಡಿಸಿ. ಕಿವಿಯ ಒಳಮಡಿಕೆ, ಬೆಲ್ಟಿನ ಕೆಳಗೆ, ಕಂಕುಳು, ಬೆರಳ ಸಂದಿ, ಬಾಲದ ಬುಡ. ಸಿಕ್ಕಿದ್ದನ್ನು ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಸೋಪು ನೀರಿಗೋ ಸ್ಪಿರಿಟ್ಟಿಗೋ ಹಾಕಿ. ಉಗುರಿನಲ್ಲಿ ಹಿಸುಕಬೇಡಿ. ಸೀಮೆಎಣ್ಣೆ ಹಚ್ಚುವ ಹಳೇ ಉಪಾಯ ಬೇಡ. ಊಟ ಬಿಡುವುದು, ಜ್ವರ, ಒಸಡು ಬಿಳಿಚುವುದು, ಮೂಗಿನಿಂದ ರಕ್ತ ಬರುವುದು ಉಣ್ಣೆ ಜ್ವರದ ಲಕ್ಷಣ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ, ಬೇಗ ಶುರುಮಾಡಿದರೆ ಔಷಧಿ ಇದೆ. ಬಹಳಷ್ಟು ನಾಯಿಗಳಿಗೆ ಈ ಕೈಯಾಡಿಸುವ ಐದು ನಿಮಿಷವೇ ದಿನದ ಅತಿ ಇಷ್ಟದ ಹೊತ್ತಾಗಿಬಿಡುತ್ತದೆ.

ಒಂಟಿಯಾಗಿರುವ ಅಭ್ಯಾಸವೂ ಬೇಕು

ಇಡೀ ಮನೆ ದಿನವಿಡೀ ಜೊತೆಗಿರುವುದು ನಾಯಿಗೆ ಹಬ್ಬ. ಆಫೀಸು, ಸ್ಕೂಲು ಮತ್ತೆ ತೆರೆದ ದಿನ ಆ ಹಬ್ಬ ಒಮ್ಮೆಲೇ ನಿಲ್ಲುತ್ತದೆ. 2020ರಲ್ಲಿ ಮರಿ ತಂದವರಿಗೆ ಇದರ ಪೆಟ್ಟು ಜಾಸ್ತಿ ಬಿತ್ತು, ಆ ಮರಿಗಳು ಖಾಲಿ ಮನೆಯನ್ನು ನೋಡಿಯೇ ಇರಲಿಲ್ಲ. ಅದಕ್ಕೆ ಲಾಕ್‌ಡೌನ್ ನಡೆಯುತ್ತಿರುವಾಗಲೇ ಶುರುಮಾಡಿ. ಎಲೆ ಡಬ್ಬವನ್ನೋ ಮೊಸರಿನ ಗಡ್ಡೆಯನ್ನೋ ಕೊಟ್ಟು, ಏನೂ ಹೇಳದೆ ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಮೊದಲು ಎರಡು ನಿಮಿಷ. ಅಳದೆ ಇದ್ದರೆ ಮರುದಿನ ಐದು, ಆಮೇಲೆ ಹತ್ತು. ಅತ್ತರೆ ಒಂದು ಹೆಜ್ಜೆ ಹಿಂದಕ್ಕೆ. ಅರ್ಧ ಗಂಟೆಗೆ ಬಂದ ಮೇಲೆ ಚಪ್ಪಲಿ ಹಾಕಿ, ಕೀ ಸದ್ದು ಮಾಡಿ, ಎಲ್ಲರೂ ಮಹಡಿಗೆ ಹೋಗಿ ಕೂತು ಬನ್ನಿ. ಬಂದಾಗ ಬಾಗಿಲಲ್ಲಿ ಸಂಭ್ರಮ ಬೇಡ. ಚಪ್ಪಲಿ ಬಿಚ್ಚಿ, ಕೈ ತೊಳೆದು, ಅದು ಸುಮ್ಮನಾದ ಮೇಲೆ ಮಾತಾಡಿಸಿ.